ಫೋಟೊಫೇಶಿಯಲ್ ನಮ್ಮ ಮೈಬಣ್ಣಕ್ಕೆ ಆಗುತ್ತಾ?

ಪ್ರಶ್ನೆ: ವಯಸ್ಸು 48, ಗೋಧಿ ಬಣ್ಣ. ಎರಡೂ ಕೆನ್ನೆಯಲ್ಲಿ ಕಂದು ಕಲೆ, ಕಣ್ಣಂಚಿನಲ್ಲಿ ಸುಕ್ಕು, ಕೆನ್ನೆ-ಕತ್ತಿನ ಮೇಲೆ ಎಳ್ಳಿನಂಥ ಕಪ್ಪು ಗುಳ್ಳೆಗಳು. ಐದು ಸಿಟಿಂಗ್ ಫೋಟೊಫೇಶಿಯಲ್‌ಗೆ ಮೂರೂ ಹೋಗುತ್ತೆ ಅಂತ ಪಾರ್ಲರ್‌ನವರು ಹೇಳ್ತಿದ್ದಾರೆ. ಮಗಳ ಮದುವೆಗೆ ಎರಡೇ ತಿಂಗಳಿದೆ. ಮಾಡಿಸಲಾ ಡಾಕ್ಟ್ರೇ?

ಉತ್ತರ (ಚರ್ಮವೈದ್ಯೆ): ಈಗ ಬೇಡಮ್ಮ. ಫೋಟೊಫೇಶಿಯಲ್ ಅಂದ್ರೆ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್), ಜೋರು ಬೆಳಕಿನ ಮಿಂಚನ್ನು ಚರ್ಮದ ಮೇಲೆ ಹೊಡೆಯೋದು. ಸಿಟಿಂಗ್‌ಗಳ ನಡುವೆ 3–4 ವಾರ ಬಿಡಲೇಬೇಕು. ಐದು ಮುಗಿಯೋಕೆ ಕನಿಷ್ಠ ಮೂರು ತಿಂಗಳು. ಎರಡು ತಿಂಗಳಲ್ಲಿ ಮುಗಿಸ್ತೀವಿ ಅನ್ನೋರು ಆ ಅಂತರವನ್ನೇ ಕತ್ತರಿಸ್ತಿದ್ದಾರೆ.

ಇನ್ನು ನೀವು ಹೇಳಿದ ಮೂರೂ ಬೇರೆ ಬೇರೆ ತೊಂದರೆ. ಎಳ್ಳಿನಂಥ ಗುಳ್ಳೆ ಚರ್ಮದಿಂದ ಎದ್ದು ನಿಂತಿರುತ್ತೆ, ಬೆರಳಿಗೆ ತಾಗುತ್ತೆ. ಅದು ಬೆಳಕಿಗೆ ಉದುರಲ್ಲ, ಮರಗಟ್ಟಿಸುವ ಕ್ರೀಮ್ ಹಚ್ಚಿ ರೇಡಿಯೊ ಫ್ರೀಕ್ವೆನ್ಸಿ ಸೂಜಿಯಿಂದ ಸುಟ್ಟು ತೆಗೀಬೇಕು. ಕಣ್ಣಂಚಿನ ಸುಕ್ಕಿಗೂ ಫೋಟೊಫೇಶಿಯಲ್‌ನಿಂದ ಸಿಗೋದು ಅಲ್ಪ. ನಕ್ಕಾಗ ಮಾತ್ರ ಮೂಡುವ ಗೆರೆ ಸ್ನಾಯುವಿನ ಕೆಲಸ, ಅದಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್.

ಉಳಿದದ್ದು ಕಂದು ಕಲೆ, ನನಗೆ ಭಯ ಇರೋದೇ ಅದರ ಬಗ್ಗೆ. ಎರಡೂ ಕೆನ್ನೆಗೆ ಒಂದೇ ಥರ, ಅಂಚು ಮಸುಕಾಗಿ ಹರಡಿದ್ರೆ ಅದು ಬಂಗು ಇರೋ ಸಾಧ್ಯತೆ ಹೆಚ್ಚು. ಬಂಗಿನ ಮೇಲೆ ಐಪಿಎಲ್ ಹೊಡೆದರೆ ಮೊದಲೆರಡು ವಾರ ತಿಳಿಯಾದಂತೆ ಕಾಣುತ್ತೆ. ಆಮೇಲೆ ಆ ಶಾಖಕ್ಕೇ ಕೆರಳಿ ಮೊದಲಿಗಿಂತ ಕಪ್ಪಗೆ ತಿರುಗಬಹುದು, ಮದುವೆ ಫೋಟೊ ಹೊತ್ತಿಗೆ ಸರಿಯಾಗಿ. ಬಿಸಿಲಿಗೆ ಬಂದ ಕಲೆಯಾದ್ರೆ ಅಂಚು ಸ್ಪಷ್ಟ, ಗುಂಡಗೆ, ಅಲ್ಲೊಂದು ಇಲ್ಲೊಂದು. ಐಪಿಎಲ್ ಚೆನ್ನಾಗಿ ಕೆಲಸ ಮಾಡೋದು ಅದರ ಮೇಲೆ. ಯಾವುದು ಅಂತ ಡರ್ಮೊಸ್ಕೋಪಿನಲ್ಲಿ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ನೋಡಿಸಿ. ಇತ್ತೀಚೆಗೆ ಬೆಳೆದ, ಒಂದೇ ಮಚ್ಚೆಯಲ್ಲಿ ಎರಡು-ಮೂರು ಬಣ್ಣ ಇರುವಂಥದ್ದಕ್ಕೆ ತಪಾಸಣೆ ಮಾಡದೆ ಬೆಳಕು ತಾಗಿಸಲೇಬಾರದು.

ಪ್ರಶ್ನೆ: ಮೇಡಂ, ಬಿಳಿಯರಿಗೆ ಸಲೀಸಾಗಿ ಮಾಡ್ತಾರಲ್ಲ, ನಮಗೇ ಯಾಕೆ ಸುಡುತ್ತೆ?

ಉತ್ತರ (ಲೇಸರ್ ತಂತ್ರಜ್ಞ): ಐಪಿಎಲ್ ಲೇಸರ್ ಅಲ್ಲ. ಕ್ಸೆನಾನ್ ದೀಪದ ಮಿಂಚು, ಸುಮಾರು 500ರಿಂದ 1200 ನ್ಯಾನೊಮೀಟರ್ ತರಂಗಾಂತರದವರೆಗಿನ ಬೆಳಕೆಲ್ಲ ಒಟ್ಟಿಗೆ. ಅದು ಹುಡುಕೋದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನು. ಬಿಳಿ ಚರ್ಮದಲ್ಲಿ ಕಲೆ ಮಾತ್ರ ಕಪ್ಪು, ನಮ್ಮಲ್ಲಿ ಸುತ್ತಲಿನ ಚರ್ಮದಲ್ಲೂ ಮೆಲನಿನ್ ಇದೆ. ಬೆಳಕಿಗೆ ಎರಡೂ ಒಂದೇ, ಅದಕ್ಕೇ ಸುಡುತ್ತೆ.

ಹಾಗಾಗಿ ಫಿಲ್ಟರ್ ಯಾವುದು ಅಂತ ಕೇಳಿ. ತನ್ನ ಅಂಕಿಗಿಂತ ಕಡಿಮೆ ನ್ಯಾನೊಮೀಟರ್‌ನ ಬೆಳಕನ್ನು ಅದು ತಡೆಯುತ್ತೆ. 515, 560ರದ್ದು ಬಿಳಿ ಚರ್ಮಕ್ಕೆ. ನಮಗೆ 640 ಅಥವಾ ಅದಕ್ಕಿಂತ ಮೇಲಿನದು. ಒಂದೇ ಏಟಿನ ಬದಲು ಪಲ್ಸ್ (ಮಿಂಚಿನ ಏಟು) ಒಡೆದು, ನಡುವೆ ಚರ್ಮ ತಣಿಯೋಕೆ 30–40 ಮಿಲಿಸೆಕೆಂಡ್ ಬಿಡಬೇಕು. ಜೂಲ್, ಅಂದ್ರೆ ಬೆಳಕಿನ ಶಕ್ತಿಯ ಅಳತೆ, ಕಡಿಮೆಯಿಂದ ಶುರು. ಒಂದು ಯಂತ್ರದ ಜೂಲ್ ಅಂಕಿಯನ್ನು ಇನ್ನೊಂದಕ್ಕೆ ಹಾಕೋದು ದೊಡ್ಡ ತಪ್ಪು. ಪಲ್ಸ್, ಫಿಲ್ಟರ್ ಬದಲಾದ್ರೆ ಅದೇ ಅಂಕಿ ಸುಡುತ್ತೆ. ಮೊದಲು ಪರೀಕ್ಷೆಗೆ ಕಿವಿಯ ಮುಂದೆ ಒಂದೆರಡು ಏಟು ಹಾಕಿ, ನಮ್ಮ ಬಣ್ಣಕ್ಕೆ ಒಂದು ವಾರವಾದರೂ ಕಾದು ನೋಡಬೇಕು. ಕಪ್ಪಾಗೋದು ತಡವಾಗಿ ಗೊತ್ತಾಗುತ್ತೆ.

ತಣ್ಣನೆ ಜೆಲ್ 2–3 ಮಿಲಿಮೀಟರ್ ದಪ್ಪ ಇರಬೇಕು. ಹ್ಯಾಂಡ್‌ಪೀಸಿನ ಗಾಜಿಗೆ ಸುಟ್ಟ ಕೂದಲಿನ ಮಸಿ ಅಂಟಿದ್ರೆ ಅದೇ ಜಾಗದಲ್ಲಿ ಬೊಬ್ಬೆ. ಗಾಜು ವಾಲಿ, ಒಂದಂಚು ಚರ್ಮ ಬಿಟ್ಟರೆ ಮುಖದ ಮೇಲೆ ಇಸ್ಪೀಟೆಲೆ ಆಕಾರದ ಗುರುತು ಮೂಡುತ್ತೆ. ಹಚ್ಚೆ, ಪರ್ಮನೆಂಟ್ ಐಬ್ರೋ ಇದ್ದಲ್ಲಿ ಹೊಡೆಯಬಾರದು. ಕಣ್ಣಿಗೆ ಪೂರ್ತಿ ಮುಚ್ಚುವ ಶೀಲ್ಡ್ ಬೇಕು, ಹತ್ತಿಯ ಉಂಡೆ ಸಾಲದು. ರೆಪ್ಪೆ ಮೇಲಂತೂ ಬೇಡವೇ ಬೇಡ.

ಪ್ರಶ್ನೆ: ನಾನು ಮಾಡಿಸಿ ಮೂರು ದಿನ ಆಯ್ತು, ಕಲೆ ಕಾಫಿಪುಡಿ ಉದುರಿಸಿದ ಹಾಗೆ ಕಪ್ಪಾಗಿದೆ. ಕೆಟ್ಟಿತಾ?

ಉತ್ತರ (ಚರ್ಮವೈದ್ಯೆ): ಹಾಗೇ ಆಗಬೇಕು, 7–10 ದಿನದಲ್ಲಿ ತಾನೇ ಉದುರುತ್ತೆ. ಕೆರೆಯಬೇಡಿ, ಅರಿಶಿನ-ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಬೆಳಿಗ್ಗೆ ಎರಡು ಬೆರಳುದ್ದದಷ್ಟು ಸನ್‌ಸ್ಕ್ರೀನ್, ಎಸ್‌ಪಿಎಫ್ 50, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಟ್ರೆಟಿನಾಯಿನ್ ಕ್ರೀಮ್ ಹಚ್ಚುತ್ತಿದ್ರೆ ಒಂದು ವಾರ ನಿಲ್ಲಿಸಿ. ನೀರು ತುಂಬಿದ ಬೊಬ್ಬೆ ಬಂದ್ರೆ, ಅಥವಾ ಉರಿ ಮಾರನೇ ದಿನಕ್ಕೂ ಇಳಿಯದಿದ್ರೆ ಅದು ಸುಟ್ಟ ಗಾಯ. ಅವತ್ತೇ ತೋರಿಸಿ.

ಪ್ರಶ್ನೆ: ಗಂಡಸರು ಮಾಡಿಸಬಹುದಾ ಸಾರ್?

ಉತ್ತರ (ಲೇಸರ್ ತಂತ್ರಜ್ಞ): ಆಗುತ್ತೆ, ಆದ್ರೆ ಗಡ್ಡದ ಜಾಗ ಬಿಡಿಸಿ. ಕೂದಲ ಬೇರಿನಲ್ಲೂ ಮೆಲನಿನ್ ಇದೆ, ಗಡ್ಡ ಅಲ್ಲಲ್ಲಿ ತೆಳುವಾಗಬಹುದು. ಇನ್ನು ಡಾಕ್ಸಿಸೈಕ್ಲಿನ್‌ನಂಥ, ಬಿಸಿಲಿಗೆ ಸೂಕ್ಷ್ಮ ಮಾಡುವ ಮಾತ್ರೆ ತಗೊಳ್ತಿದ್ರೆ, ಜಾತ್ರೆ-ಪ್ರವಾಸ ಮುಗಿಸಿ ಮುಖ ಕಂದಿದ್ರೆ, ಯಾರೇ ಆಗಲಿ ಮುಂದೂಡಿ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದ್ರೆ ಈ ಎರಡು ತಿಂಗಳಲ್ಲಿ ಏನು ಮಾಡಲಿ? ಕೆಂಪು ಲೈಟಿನ ಎಲ್‌ಇಡಿ ಮಾಸ್ಕ್ ತಗೊಳ್ಲಾ?

ಉತ್ತರ (ಚರ್ಮವೈದ್ಯೆ): ಸುಮಾರು 630 ನ್ಯಾನೊಮೀಟರ್‌ನ ಕೆಂಪು, 830ರ ಇನ್‌ಫ್ರಾರೆಡ್ ಇರುವ ಮಾಸ್ಕಿನಲ್ಲಿ ಸುಡುವಂಥ ಶಾಖ ಇಲ್ಲ, ಸಣ್ಣ ಗೆರೆಗೆ ಸ್ವಲ್ಪ ಉಪಯೋಗವಿದೆ. ವಾರಕ್ಕೆ ಮೂರು-ನಾಲ್ಕು ಸಲ, ಹತ್ತು ನಿಮಿಷ. ಕಲೆಗೆ ಏನೂ ಮಾಡಲ್ಲ. ಆ ದುಡ್ಡಿಗೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ತಗೊಳ್ಳಿ. ಬಂಗನ್ನು ಕೆರಳಿಸುವ ಕಣ್ಣಿಗೆ ಕಾಣೋ ಬೆಳಕನ್ನೂ ಅದು ತಡೆಯುತ್ತೆ. ಗುಳ್ಳೆ ಸುಡಿಸೋದಿದ್ರೆ ಇದೇ ವಾರ ಸುಡಿಸಿ, ಹಕ್ಕಳೆ ಉದುರಿ ಗುರುತು ಮಾಸೋಕೆ ಆರು ವಾರ ಸಿಗಲಿ.