ಅಟ್ಟದ ಮೇಲೆ ಸಿಕ್ಕ ರೈಫಲ್ ಮ್ಯಾಗಜೀನ್: ಎಷ್ಟು ಹಳೆಯದು, ಇಟ್ಟುಕೊಳ್ಳಬಹುದಾ?

ಪ್ರಶ್ನೆ (ಸಕಲೇಶಪುರ ಕಡೆಯ ಸದಸ್ಯೆ):
ನಮಸ್ತೆ ಸರ್. ನಮ್ಮ ತಾತ ಮಿಲಿಟರಿಯಲ್ಲಿದ್ದವರು. ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಹೋದ ವಾರ ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಅವರ ಟ್ರಂಕು ಸಿಕ್ಕಿತು. ಪದಕ, ಬೆಲ್ಟು, ಕಾಗದ ಪತ್ರದ ಜೊತೆಗೆ ಖಾಕಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಬ್ಬಿಣದ ಡಬ್ಬಿ ಇತ್ತು. ಮೇಲೆ ತೆರೆದಿದೆ, ಒಳಗೆ ಸ್ಪ್ರಿಂಗ್ ಇದೆ. ಚಿಕ್ಕಪ್ಪ ನೋಡಿ "ಇದು ತ್ರೀ ನಾಟ್ ತ್ರೀ ರೈಫಲ್ ಮ್ಯಾಗಜೀನ್, ತೋಟೆ ತುಂಬಿಡುವ ಡಬ್ಬಿ" ಅಂದರು. ಅವರ ಹತ್ತಿರ ಲೈಸೆನ್ಸ್ ಇರುವ .315 ರೈಫಲ್ ಇದೆ. ಪಕ್ಕದ ಮನೆಯವರು "ನೂರು ವರ್ಷದ ಸಾಮಾನು, ಆಂಟಿಕ್, ಇಟ್ಕೊಳ್ಳಿ, ಏನೂ ಆಗಲ್ಲ" ಅಂತಾರೆ. ಒಬ್ಬರು ದುಡ್ಡು ಕೊಡ್ತೀನಿ ಅಂತಲೂ ಕೇಳಿದರು. ತಾತನ ನೆನಪು, ಬಿಡೋಕೆ ಮನಸ್ಸಿಲ್ಲ. ಎಷ್ಟು ಹಳೆಯದು ಅಂತ ಹೇಗೆ ಗೊತ್ತಾಗುತ್ತೆ? ಇಟ್ಟುಕೊಳ್ಳಬಹುದಾ?

ಉತ್ತರ (ನಿವೃತ್ತ ಪೊಲೀಸ್ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವರು):
ತಂಗಿ, ಎರಡು ಪ್ರಶ್ನೆಗೂ ಉತ್ತರ ಹೇಳ್ತೀನಿ. ಅದಕ್ಕೆ ಮೊದಲು ಒಂದು ವಿಷಯ. ಡಬ್ಬಿಯೊಳಗೆ ತೋಟೆ ಇದೆಯಾ ಅಂತ ಮೇಲಿನಿಂದ ಇಣುಕಿ ನೋಡಿ, ಅಷ್ಟೇ. ಇದ್ದರೆ ಕೀಳೋಕೆ ಹೋಗಬೇಡಿ, ಬಿಸಿಲಿಗೂ ಒಲೆ ಹತ್ತಿರವೂ ಇಡಬೇಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿಟ್ಟು ಇಲ್ಲಿ ತಿಳಿಸಿ. ತುಕ್ಕು ಹಿಡಿದಿದೆ ಅಂತ ಮರಳು ಕಾಗದ ಹಾಕಿ ಉಜ್ಜಲೂಬೇಡಿ. ಗುರುತುಗಳು ಬಹಳ ತೆಳುವಾಗಿ ಒತ್ತಿರುತ್ತವೆ, ಒಂದು ಸಲ ಉಜ್ಜಿದರೆ ಹೋಯಿತು. ಒಣ ಹತ್ತಿ ಬಟ್ಟೆ ಸಾಕು.

ಪ್ರಶ್ನೆ ಕೇಳಿದವರು:
ತೋಟೆ ಇಲ್ಲ ಸರ್, ಖಾಲಿ. ಒತ್ತಿದರೆ ಸ್ಪ್ರಿಂಗ್ ಇನ್ನೂ ಮೇಲೆ ಬರುತ್ತೆ. ತಳ ನೇರವಾಗಿಲ್ಲ, ಓರೆಯಾಗಿದೆ. ಹಿಂದೆ ಸಣ್ಣ ಅಕ್ಷರ ಏನೋ ಇದೆ, ಇಸವಿ ಕಾಣಿಸ್ತಿಲ್ಲ.

ಉತ್ತರ:
ಇಸವಿ ಹುಡುಕಬೇಡಿ, ಸಿಗೋದು ಕಷ್ಟ. ತ್ರೀ ನಾಟ್ ತ್ರೀ (.303) ಅಂತ ನಾವು ಕರೆಯುವುದು ಲೀ ಎನ್‌ಫೀಲ್ಡ್ ರೈಫಲನ್ನು. ಲೀ ಎನ್‌ಫೀಲ್ಡ್ ರೈಫಲ್‌ನಲ್ಲಿ ಇಸವಿ ಇರುವುದು ಬೋಲ್ಟ್ ಹಿಡಿಯ ಕೆಳಗೆ, ಮರದ ಹಿಂಭಾಗ ಬಂದು ಸೇರುವ ಕಬ್ಬಿಣದ ಪಟ್ಟಿಯ ಮೇಲೆ. ಅಲ್ಲಿ ಕಿರೀಟ, ಅದರ ಕೆಳಗೆ ಬ್ರಿಟಿಷ್ ದೊರೆ ಜಾರ್ಜ್‌ನ ಗುರುತಾದ ಜಿ.ಆರ್.ಐ., ಆಮೇಲೆ ಇಷಾಪುರ್, ಆಮೇಲೆ ಇಸವಿ ಅಂತ ಒತ್ತಿದ್ದರೆ ಬ್ರಿಟಿಷರ ಕಾಲದಲ್ಲಿ ಬಂಗಾಳದ ಇಷಾಪುರ್ ಕಾರ್ಖಾನೆಯಲ್ಲಿ ಮಾಡಿದ್ದು ಅಂತ ಅರ್ಥ. ಸ್ವಾತಂತ್ರ್ಯ ಬಂದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು, ಜೊತೆಗೆ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ್) ಅನ್ನುವ ಅಕ್ಷರ. ಮ್ಯಾಗಜೀನ್ ಮೇಲೆ ಇಷ್ಟೆಲ್ಲಾ ಇರಲ್ಲ. ಪರೀಕ್ಷೆ ಮಾಡಿದವರ ಸಣ್ಣ ಮುದ್ರೆ, ಒಂದೆರಡು ಅಕ್ಷರ, ಕೆಲವೊಮ್ಮೆ ನಂಬರ್, ಅಷ್ಟೇ.

ಆದರೆ ಆಕಾರ ಮಾತಾಡುತ್ತೆ. .303 ತೋಟೆಗೆ ಹಿಂದೆ ಅಗಲವಾದ ಅಂಚು ಇದೆ, ಮುಂದೆ ಹೋದಂತೆ ಸಣ್ಣದಾಗುತ್ತೆ. ಒಂದರ ಮೇಲೊಂದು ಜೋಡಿಸಿದರೆ ಸಾಲು ಓರೆಯಾಗಿ ನಿಲ್ಲುತ್ತೆ. ಅದಕ್ಕೇ ಆ ಮ್ಯಾಗಜೀನ್‌ನ ತಳವೂ ಓರೆ. 1960ರ ದಶಕದಲ್ಲಿ ಇಷಾಪುರ್‌ನಲ್ಲಿ ಅದೇ ಮಾದರಿಯ ರೈಫಲನ್ನು 7.62 ತೋಟೆಗೆ ಮಾಡಿದರು, ಅದನ್ನು 2ಎ, 2ಎ1 ಅಂತಾರೆ. ಆ ತೋಟೆಗೆ ಅಗಲದ ಅಂಚಿಲ್ಲ, ಹಾಗಾಗಿ ಅದರ ಮ್ಯಾಗಜೀನ್ ಚೌಕಾಕಾರದ ಡಬ್ಬಿ. ನಿಮ್ಮದು ಓರೆ ತಳ ಅಂದರೆ ಚಿಕ್ಕಪ್ಪ ಹೇಳಿದ್ದು ಸರಿ ಇರಬಹುದು. ತೀರಾ ಹಳೆಯ ರೈಫಲ್‌ಗಳಲ್ಲಿ, ಅಂದರೆ 1888ರ ಲೀ ಮೆಟ್‌ಫರ್ಡ್ ಮತ್ತು 1895ರ ಉದ್ದ ಲೀ ಎನ್‌ಫೀಲ್ಡ್ ಕಾಲದಲ್ಲಿ, ಮ್ಯಾಗಜೀನ್ ಕಳೆದುಹೋಗಬಾರದು ಅಂತ ಒಂದು ಸಣ್ಣ ಕೊಂಡಿಯಿಂದ ರೈಫಲ್‌ಗೆ ಕಟ್ಟಿರುತ್ತಿದ್ದರು. ಮುಂಭಾಗದಲ್ಲಿ ಆ ಕೊಂಡಿ ಸಿಕ್ಕಿಸುವ ಕಿವಿ ಇದೆಯಾ ನೋಡಿ. ಇಲ್ಲದಿದ್ದರೆ ಅದಕ್ಕಿಂತ ಈಚಿನದು.

ಇನ್ನೊಂದು ಮಾತು, ಇದು ನನ್ನ ಕೈಯ ಅನುಭವ. ಮ್ಯಾಗಜೀನ್‌ನ ಬಾಯಿ ಹತ್ತಿರ ಎರಡು ಕಡೆ ತಗಡು ಒಳಕ್ಕೆ ಬಾಗಿದೆ ಅಲ್ವಾ, ಅದನ್ನು ನಾವು ತುಟಿ ಅಂತೀವಿ. ತೋಟೆ ಸರಿಯಾಗಿ ಮೇಲೆ ಬರದಿದ್ದರೆ ಆರ್ಮರರ್ ಆ ತುಟಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ತಿದ್ದುತ್ತಿದ್ದ. ಒಂದೊಂದು ಮ್ಯಾಗಜೀನ್ ಒಂದೊಂದು ರೈಫಲ್‌ಗೆ ಹೊಂದಿಸಿದ್ದು. ಬೇರೆ ರೈಫಲ್‌ಗೆ ಹಾಕಿದರೆ ಕಚ್ಚಿಕೊಂಡರೂ ತೋಟೆ ಸಿಕ್ಕಿಬೀಳುತ್ತೆ. ನಿಮ್ಮ ಡಬ್ಬಿಯ ತುಟಿಯ ಮೇಲೆ ಇಕ್ಕಳದ ಗೆರೆ ಕಂಡರೆ ಅದು ಕೆಲಸ ಮಾಡಿದ ಮ್ಯಾಗಜೀನ್, ಗೋದಾಮಿನಲ್ಲೇ ಕೂತಿದ್ದಲ್ಲ. ಹೀಗೆ ತುಟಿ ತಿದ್ದಿ ಹಳೇ ರೈಫಲ್‌ಗೆ ಹೊಸ ಮ್ಯಾಗಜೀನ್, ಹೊಸದಕ್ಕೆ ಹಳೇದು ಹಾಕುವುದೂ ಶಸ್ತ್ರಾಗಾರದಲ್ಲಿ ದಿನದ ಕೆಲಸ. ರೈಫಲ್‌ನ ಇಸವಿ ನೋಡಿ ಮ್ಯಾಗಜೀನ್‌ನ ವಯಸ್ಸು ಹೇಳೋಕಾಗಲ್ಲ.

ಈಗ ಕಾನೂನು. ಪಕ್ಕದ ಮನೆಯವರ ಮಾತು ದಯವಿಟ್ಟು ನಂಬಬೇಡಿ. ನಮ್ಮ ದೇಶದಲ್ಲಿ "ಹಳೆಯದು" ಅನ್ನುವುದೊಂದೇ ರಕ್ಷಣೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ಬಂದೂಕು ಅಂದರೆ ಅದರ ಬಿಡಿಭಾಗವೂ ಸೇರಿದೆ. 45ನೇ ಕಲಮಿನಲ್ಲಿ ಆಂಟಿಕ್ ವಸ್ತುಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಪೂರ್ತಿ ಓದಬೇಕು. ಹಳೇ ಮಾದರಿಯದ್ದೋ ಪುರಾತನ ಬೆಲೆಯದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸೋಕೆ ಆಗದ್ದಾಗಿರಬೇಕು. ನಿಮ್ಮ ಮ್ಯಾಗಜೀನ್‌ನ ಸ್ಪ್ರಿಂಗ್ ಇವತ್ತಿಗೂ ಮೇಲೆ ಬರುತ್ತೆ ಅಂತ ನೀವೇ ಬರೆದಿದ್ದೀರಿ.

ಅದೇ ಕಲಮಿನಲ್ಲಿ ಇನ್ನೊಂದು ವಿನಾಯಿತಿ ಇದೆ. ಸಣ್ಣಪುಟ್ಟ ಬಿಡಿಭಾಗ, ನಿಮ್ಮ ಹತ್ತಿರವಾಗಲಿ ಬೇರೆ ಯಾರ ಹತ್ತಿರವಾಗಲಿ ಇರುವ ಜೊತೆಭಾಗದ (ಅದರೊಂದಿಗೆ ಸೇರುವ ಉಳಿದ ಭಾಗ) ಜೊತೆ ಬಳಸುವ ಉದ್ದೇಶ ಇಲ್ಲದಿದ್ದರೆ ಕಾಯ್ದೆ ಅನ್ವಯಿಸಲ್ಲ. ಮನೆಯಲ್ಲಿ ಬೇರೆ ಯಾವ ರೈಫಲೂ ಇರದಿದ್ದರೆ ಇದನ್ನು ಹಿಡಿದು ಮಾತಾಡಬಹುದಿತ್ತು. ನಿಮ್ಮ ಮನೆಯಲ್ಲಿ ತೊಂದರೆ ಏನೆಂದರೆ ಚಿಕ್ಕಪ್ಪನ .315. ಆ ರೈಫಲ್ ಕೂಡ ಲೀ ಎನ್‌ಫೀಲ್ಡ್ ಮೈಕಟ್ಟಿನದೇ. ಜನಸಾಮಾನ್ಯರಿಗೆ ಲೈಸೆನ್ಸ್ ಸಿಗಲಿ ಅಂತ ಬೇರೆ ನಳಿಗೆ ಅಳತೆಗೆ, ಅಂದರೆ ಬೇರೆ ಬೋರ್‌ಗೆ ಮಾಡಿದ್ದು. ಮೈಕಟ್ಟು ಒಂದೇ ಇರುವಾಗ "ಜೊತೆಭಾಗ ಇಲ್ಲ" ಅಂತ ನೀವು ನೀವೇ ತೀರ್ಮಾನ ಮಾಡಿಕೊಳ್ಳುವುದು ಸರಿಯಲ್ಲ. ಅದು .315ರದ್ದೇ ಮ್ಯಾಗಜೀನ್ ಇರಬಹುದಾ ಅಂತಲೂ ನೋಡಬೇಕು. ಅದನ್ನು ಆರ್ಮರರ್ ಕೈಯಲ್ಲಿ ಹಿಡಿದು ನೋಡಿ ಹೇಳಬೇಕು, ಫೋಟೊದಲ್ಲಿ ಆಗಲ್ಲ. ಚಿಕ್ಕಪ್ಪನಿಗೂ ಹೇಳಿ, ಸುಮ್ನೆ ಹಾಕಿ ನೋಡೋಣ ಅಂತ ತಮ್ಮ ರೈಫಲ್‌ಗೆ ಸಿಕ್ಕಿಸಬಾರದು.

.303 ಅಂತ ಖಚಿತವಾದರೆ ವಿಷಯ ಇನ್ನೂ ಬಿಗಿ. ಮಿಲಿಟರಿ ತೋಟೆ ಹಾರಿಸುವ .303 ಮತ್ತು 7.62 ರೈಫಲ್‌ಗಳು ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ವರ್ಗದವು. ಅದರ ಲೈಸೆನ್ಸ್ ಡಿಸಿ ಆಫೀಸಿನಲ್ಲಿ ಸಿಗುವಂಥದ್ದಲ್ಲ, ಕೇಂದ್ರ ಗೃಹ ಇಲಾಖೆಯಿಂದ ಬರಬೇಕು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ನಿಷೇಧಿತ ವರ್ಗದ್ದಾದರೆ 7ರಿಂದ 14 ವರ್ಷ. ಒಂದು ಖಾಲಿ ಡಬ್ಬಿಗೆ ಇಷ್ಟು ಶಿಕ್ಷೆ ಆಗಿಯೇ ಬಿಡುತ್ತೆ ಅಂತ ಹೆದರಿಸ್ತಿಲ್ಲ. ಆದರೆ ಕೇಸು, ವಕೀಲರು, ಓಡಾಟ ಯಾಕೆ ಬೇಕು ತಂಗಿ?

ನಿಮಗೆ ಅನುಕೂಲವಾದ ಒಂದು ಮಾತೂ ಇದೆ. 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ವಸ್ತು ತನ್ನ ಬಳಿ ಇದೆ ಅನ್ನುವ ಅರಿವು ಇದ್ದರೆ ಮಾತ್ರ ಅದು ಕಾಯ್ದೆಯ ಪ್ರಕಾರ "ಸ್ವಾಧೀನ". ಅಟ್ಟದಲ್ಲಿ ಇಷ್ಟು ವರ್ಷ ಇದ್ದದ್ದು ನಿಮಗೆ ಗೊತ್ತಿರಲಿಲ್ಲ. ಹೋದ ವಾರದಿಂದ ಗೊತ್ತು. ಹಾಗಾಗಿ ತಡ ಮಾಡಬೇಡಿ. ದುಡ್ಡು ಕೊಡ್ತೀನಿ ಅಂದವರಿಗೆ ಇಲ್ಲ ಅಂದುಬಿಡಿ, ಮಾರಿದರೆ ಅದು ಬೇರೆಯೇ ಅಪರಾಧ.

ಹೀಗೆ ಮಾಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ. ಯಾವ ದಿನ, ಎಲ್ಲಿ, ಯಾರ ಎದುರಿಗೆ ಸಿಕ್ಕಿತು, ತಾತ ಯಾವ ರೆಜಿಮೆಂಟ್‌ನಲ್ಲಿದ್ದರು, ಖಾಲಿ ಇತ್ತು, ಇಷ್ಟು ಸಾಕು. ಎರಡು ಪ್ರತಿ ಇರಲಿ. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಮೊದಲು ನಿಮ್ಮ ವ್ಯಾಪ್ತಿಯ ಠಾಣೆಗೆ ಫೋನ್ ಮಾಡಿ, ಅವರೇ ಬರ್ತಾರಾ, ನೀವು ತರಬೇಕಾ ಕೇಳಿ. ಕೊಟ್ಟ ಮೇಲೆ ಎರಡನೇ ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ತಾತನ ಹೆಸರಲ್ಲಿ ಹಿಂದೆ ಲೈಸೆನ್ಸ್ ಏನಾದರೂ ಇತ್ತಾ ಅಂತ ಡಿಸಿ ಆಫೀಸಿನ ಶಸ್ತ್ರಾಸ್ತ್ರ ವಿಭಾಗದಲ್ಲೂ ವಿಚಾರಿಸಿ. ನೆನಪಿಗೆ ಪದಕ, ಬೆಲ್ಟು, ಆ ಖಾಕಿ ಬಟ್ಟೆ ಇಟ್ಟುಕೊಳ್ಳಿ. ಅದಕ್ಕೆ ಯಾರೂ ಏನೂ ಅನ್ನಲ್ಲ.

ಪ್ರಶ್ನೆ (ವಿರಾಜಪೇಟೆಯ ಸದಸ್ಯರು):
ಸರ್, ನಾವು ಕೊಡವರು. ನಮಗೆ ಕೋವಿ ಲೈಸೆನ್ಸೇ ಬೇಡ ಅಲ್ವಾ? ಹಾಗಾದರೆ ನಮ್ಮ ಐನ್‌ಮನೆಯಲ್ಲಿ ಇಂಥದ್ದು ಸಿಕ್ಕರೆ?

ಉತ್ತರ:
ಕೈಲ್‌ಪೊಳ್ದ್‌ಗೆ ನಿಮ್ಮ ಕಡೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದನ್ನು ನೋಡಿದವನು ನಾನು. ಆ ಗೌರವ ಗೊತ್ತಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಈಗಿನ ಅಧಿಸೂಚನೆ 2019ರ ಅಕ್ಟೋಬರ್‌ನಲ್ಲಿ ಬಂತು, 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಯಾವ ಶಸ್ತ್ರವಾದರೂ ಎಷ್ಟಾದರೂ ಇಟ್ಟುಕೊಳ್ಳಿ ಅನ್ನುವ ಪರವಾನಗಿ ಅಲ್ಲ. ಕೋವಿ ಯಾವ ಬಗೆಯದು, ಎಷ್ಟು, ತೋಟೆ ಎಷ್ಟು ಅಂತ ಮಿತಿ ಇದೆ. ಮಿಲಿಟರಿ ರೈಫಲ್‌ನ ಬಿಡಿಭಾಗ ಸಿಕ್ಕರೆ ಅದನ್ನು ಮನೆಯ ಕೋವಿ ಜೊತೆ ಸೇರಿಸಿ ಲೆಕ್ಕ ಹಾಕಬೇಡಿ. ಮಡಿಕೇರಿಯ ಡಿಸಿ ಆಫೀಸಿಗೆ ಬರೆದು ಲಿಖಿತ ಉತ್ತರ ತೆಗೆದುಕೊಳ್ಳಿ.

ಪ್ರಶ್ನೆ (ನ್ಯೂಜೆರ್ಸಿಯಿಂದ):
ಸರ್, ನಾನು ಹಾಸನದವನು, ಎಚ್1ಬಿ ಅನ್ನುವ ಕೆಲಸದ ವೀಸಾ ಮೇಲೆ ಇಲ್ಲಿದ್ದೀನಿ. ಮನೆ ಕೊಂಡೆವು. ಬೇಸ್‌ಮೆಂಟ್‌ನಲ್ಲಿ ಎರಡು ರೈಫಲ್ ಮ್ಯಾಗಜೀನ್ ಸಿಕ್ಕಿವೆ, 30 ತೋಟೆಯವು. ಒಂದು ಅಲ್ಯೂಮಿನಿಯಂ, ಒಂದು ಕಪ್ಪು ಪ್ಲಾಸ್ಟಿಕ್. "1994ಕ್ಕಿಂತ ಹಳೆಯದಾದರೆ ಪರವಾಗಿಲ್ಲ" ಅಂತ ಒಬ್ಬರು ಹೇಳಿದರು. ಇಲ್ಲಿ ಗನ್ ಕಾನೂನು ಸಡಿಲ ಅಲ್ವಾ?

ಉತ್ತರ:
ತಮ್ಮ, ಅಮೆರಿಕದಲ್ಲಿ ವಯಸ್ಸಿಗೆ ಬೆಲೆ ಇದ್ದ ಕಾಲ ಒಂದಿತ್ತು. 1994ರ ಸೆಪ್ಟೆಂಬರ್ 13ರಂದು ಬಂದ ಕೇಂದ್ರ ಕಾನೂನು 10ಕ್ಕಿಂತ ಜಾಸ್ತಿ ತೋಟೆ ಹಿಡಿಯುವ ಹೊಸ ಮ್ಯಾಗಜೀನ್ ನಿಲ್ಲಿಸಿತು, ಹಳೆಯದನ್ನು ಬಿಟ್ಟಿತು. ಆಮೇಲೆ ತಯಾರಾದವುಗಳ ಮೇಲೆ ಪೊಲೀಸ್ ಮತ್ತು ಸರ್ಕಾರದ ಬಳಕೆಗೆ ಮಾತ್ರ ಅಂತ ಬರೆಯಬೇಕಿತ್ತು. 2004ರ ಸೆಪ್ಟೆಂಬರ್ 13ಕ್ಕೆ ಆ ಕಾನೂನು ಮುಗಿಯಿತು. ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾನೂನು ಇಟ್ಟುಕೊಂಡವು. ಮ್ಯಾಸಚೂಸೆಟ್ಸ್ 1994ರ ಆ ದಿನಾಂಕವನ್ನೇ ಗೆರೆಯಾಗಿ ಇಟ್ಟುಕೊಂಡಿತು. ನ್ಯೂಯಾರ್ಕ್ 2013ರಲ್ಲಿ ಹಳೆಯದಕ್ಕೆ ಇದ್ದ ರಿಯಾಯಿತಿ ತೆಗೆದುಹಾಕಿತು. ನಿಮ್ಮ ನ್ಯೂಜೆರ್ಸಿ 2018ರಲ್ಲಿ 15ರಿಂದ 10ಕ್ಕೆ ಇಳಿಸಿತು, ಹಳೆಯದು ಅನ್ನುವ ಕಾರಣಕ್ಕೆ ಬಿಡಲಿಲ್ಲ. ಹಾಗಾಗಿ ನಿಮಗೆ ಹೇಳಿದ ಮಾತು ಬೇರೆ ರಾಜ್ಯದಲ್ಲಿ ಕೇಳಿದ್ದಿರಬೇಕು.

ವಯಸ್ಸು ತಿಳಿಯುವ ಆಸೆ ಇದ್ದರೆ ಪ್ಲಾಸ್ಟಿಕ್ಕಿನದ್ದು ಸುಲಭ. ಮ್ಯಾಗ್‌ಪುಲ್ ಕಂಪನಿಯ ಪಿಮ್ಯಾಗ್ ಆಗಿದ್ದರೆ ಮೈ ಮೇಲೆ ಗುಂಡಿಯಷ್ಟು ದೊಡ್ಡ ಗಡಿಯಾರದ ಮುಖದಂಥ ಅಚ್ಚು ಇರುತ್ತೆ. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಆಚೆ ಈಚೆ ಒಂದೊಂದು ಅಂಕಿ. ಬಾಣ 4ರ ಕಡೆ ತೋರಿಸಿ, ಪಕ್ಕದ ಅಂಕಿ 1 ಮತ್ತು 3 ಆಗಿದ್ದರೆ 2013ರ ಏಪ್ರಿಲ್. ಆ ಮ್ಯಾಗಜೀನ್ ಮಾರುಕಟ್ಟೆಗೆ ಬಂದಿದ್ದೇ 2007ರಲ್ಲಿ, 1994ಕ್ಕಿಂತ ಹಳೆಯ ಪಿಮ್ಯಾಗ್ ಅನ್ನುವುದೇ ಇಲ್ಲ. ಅಲ್ಯೂಮಿನಿಯಂದು ಕಷ್ಟ. ತಳದ ತಗಡಿನ ಮೇಲೆ ತಯಾರಕರ ಹೆಸರು ಅಥವಾ ಕೋಡ್ ಇರುತ್ತೆ. ಆದರೆ ತಳದ ತಗಡು ಜಾರಿಸಿದರೆ ಬರುತ್ತೆ, ಒಳಗಿನ ತೋಟೆ ಎತ್ತುವ ಪಟ್ಟಿಯನ್ನೂ ಬದಲಾಯಿಸಬಹುದು. ಹಳೇ ಮೈಗೆ ಹೊಸ ತಳ, ಹೊಸ ಮೈಗೆ ಹಳೇ ತಳ, ಎರಡೂ ಉಂಟು. ಬರೀ ತಳ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ.

ನಿಮಗೆ ಇದಕ್ಕಿಂತ ಮುಖ್ಯವಾದದ್ದು ನಿಮ್ಮ ವೀಸಾ. ಎಚ್1ಬಿಯಂಥ ವೀಸಾದವರು, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಅಲ್ಲಿನ ಕೇಂದ್ರ ಕಾನೂನೇ ಇದೆ. ಖಾಲಿ ಮ್ಯಾಗಜೀನ್ ಆ ಕಾನೂನಿನಲ್ಲಿ ಬಂದೂಕಲ್ಲ. ಒಳಗೆ ಒಂದೇ ಒಂದು ತೋಟೆ ಇದ್ದರೂ ಅದು ತೋಟೆಯೇ. ಮುಟ್ಟದೆ ಹಾಗೇ ಬಿಡಿ. ಇವತ್ತೇ ಒಬ್ಬ ವಕೀಲರ ಹತ್ತಿರ ಮಾತಾಡಿ, ಅವರ ಮೂಲಕ ಊರಿನ ಪೊಲೀಸರಿಗೆ ಫೋನ್ ಮಾಡಿಸಿ, ಅವರು ಬಂದು ತೆಗೆದುಕೊಂಡು ಹೋಗಲಿ. ಕಾರಿನಲ್ಲಿಟ್ಟು ಠಾಣೆಗೆ ಹೋಗಬೇಡಿ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಯೋಚನೆಯಂತೂ ಬೇಡವೇ ಬೇಡ. ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಇಳಿದರೆ ನಾನು ಮೇಲೆ ಬರೆದ ನಮ್ಮ ಕಾಯ್ದೆ ಅನ್ವಯಿಸುತ್ತೆ.

ಪ್ರಶ್ನೆ (ಸಕಲೇಶಪುರದ ಸದಸ್ಯೆ):
ಸರ್, ಠಾಣೆಗೆ ಫೋನ್ ಮಾಡಿದೆ. ನಾಳೆ ಹತ್ತು ಗಂಟೆಗೆ ಇಬ್ಬರು ಬರ್ತಾರಂತೆ. ಕೊಡೋಕೆ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಲಾ, ತಾತನ ಪದಕದ ಜೊತೆ?

ಉತ್ತರ:
ಖಂಡಿತ ತೆಗೆಯಿರಿ ತಂಗಿ. ಹಿಂದಿನ ಆ ಅಕ್ಷರಗಳ ಹತ್ತಿರದ ಫೋಟೊ ಒಂದಿರಲಿ, ಬೆಳಕು ಪಕ್ಕದಿಂದ ಬೀಳಲಿ, ಆಗ ಮುದ್ರೆ ಎದ್ದು ಕಾಣುತ್ತೆ. ಠಾಣೆಯವರಿಗೂ ಅದೇ ಫೋಟೊದ ಒಂದು ಪ್ರತಿ ಪತ್ರದ ಜೊತೆ ಲಗತ್ತಿಸಿ ಕೊಡಿ.