7,200 ರೂಪಾಯಿ ನಾಟಕ

ನಮ್ಮ ಮನಿ ವಾಟ್ಸಾಪ್ ಗುಂಪಿನ ಹೆಸರು ‘ಬ್ರಹ್ಮಪುರ ಮಂದಿ’; ಬ್ರಹ್ಮಪುರ ಅಂದ್ರ ಕಲಬುರಗಿಯಾಗಿನ ನಮ್ಮ ಓಣಿ. ಹದಿನೇಳು ಮಂದಿ ಇದ್ದೀವಿ, ಬಾಯಿ ಬಿಡೋರು ಐದಾರು ಮಂದಿ ಅಷ್ಟೇ. ಐತವಾರ ರಾತ್ರಿ ಪ್ರವೀಣ ಮುಂಬೈಯಿಂದ ಒಂದು ಪೋಸ್ಟರ್ ಹಾಕಿದ. ಮುಂದ ನಡೆದದ್ದು ಇದ್ದಂಗೇ ಇಟ್ಟೀನಿ. ನಡುವ ಯಾರೋ ಹಾಕಿದ ಶುಭರಾತ್ರಿ ಹೂವು ಮಾತ್ರ ತೆಗೆದೀನಿ.

ಪ್ರವೀಣ: ಎಲ್ರೂ ನೋಡ್ರಿ. ಇಲ್ಲಿ ರಾಯಲ್ ಆಪೆರಾ ಹೌಸ್‌ದಾಗ ಹಾಡಿನ ನಾಟಕ ಅದ. ಮಕ್ಕಳು, ಮುದುಕರು ಕೂಡಿ ಕೂತು ನೋಡೋ ಅಂಥಾದ್ದು. ದಸರಾ ಸೂಟಿಯಾಗೇ ಬರ್ತದ. ಆಫೀಸಿನವರ ಕಡಿಂದ ಆರು ಸೀಟು ಸಿಗ್ತಾವ, ನಾಳಿ ಮಧ್ಯಾಹ್ನದೊಳಗ ಹೇಳಬೇಕು.

ಗುರುಕಾಕಾ: ತಲಾ ಎಷ್ಟು?

ಪ್ರವೀಣ: 1,200.

ಗುರುಕಾಕಾ: ಆರು ಮಂದಿಗಿ 7,200. ರೈಲಿನ ಖರ್ಚು ಬ್ಯಾರೆ. ಇಷ್ಟ್ರಾಗ ಶರಣಬಸವೇಶ್ವರ ಜಾತ್ರ್ಯಾಗ ಇಡೀ ಓಣಿಗಿ ಕಂಪನಿ ನಾಟಕ ತೋರಸ್ತಿದ್ದೆ. ಮನಿ ಮುಂದಿನ ನಾಟಕ ಬಿಟ್ಟು ಮುಂಬೈಗಿ ಓಡೋದಂದ್ರ ಏನು?

ಸುನಂದಾ ಅತ್ತಿ: ತೋರಸ್ತಿದ್ದಿ ಖರೆ. ನಡುವ ಎಬ್ಬಿಸಿಕೊಂಡು ಮನಿಗಿ ಬಂದಾಕಿ ನಾ.

ಗುರುಕಾಕಾ: ಆ ಆಪೆರಾ ಹೌಸ್ ನಾ ನೋಡೀನಿ. 1987ರಾಗ ಚರ್ನಿ ರೋಡ್ ಸ್ಟೇಷನ್ನಿಂದ ನಡಕೋತ ಹೋಗಿ ಸಿನಿಮಾ ನೋಡಿದ್ದೆ. ಅದೊಂದು ಟಾಕೀಜ್, ಅಷ್ಟೇ.

ಪ್ರವೀಣ: ಕಾಕಾ, ನೀವು ನೋಡಿದ್ದು ಬಾಗಿಲು ಹಾಕೋ ಮೊದಲಿಂದು. 1993ರಾಗ ಬಂದ್ ಆತು. ಇಪ್ಪತ್ಮೂರು ವರ್ಷ ಹಂಗೇ ಇತ್ತು. 2016ರಾಗ ದುರಸ್ತಿ ಮಾಡಿ ತೆರದ್ರು. ಬಂಗಾರದ ಬಣ್ಣದ ಕುಸುರಿ, ಎರಡೂ ಕಡಿ ರಾಜರು ಕೂಡೋ ಬಾಕ್ಸ್, ಮ್ಯಾಲ ಬಾಲ್ಕನಿ, ಎಲ್ಲಾ ಮೊದಲಿನಂಗ ಮಾಡ್ಯಾರ. 1911ರಾಗ ಐದನೇ ಜಾರ್ಜ್ ರಾಜ ಬಂದು ಉದ್ಘಾಟನೆ ಮಾಡಿದ್ದು ಅದು. ಆಗಿನ್ನೂ ಕಟ್ಟೋ ಕೆಲಸ ಮುಗಿದಿರ್ಲಿಲ್ಲ ಅಂತ.

ಗುರುಕಾಕಾ: ನಮ್ಮ ಕಡಿ ಬಸ್‌ಸ್ಟ್ಯಾಂಡ್ ಉದ್ಘಾಟನೆ ಇದ್ದಂಗ.

(ಇದಕ್ಕ ಒಂಬತ್ತು ಮಂದಿ ನಗೋ ಮುಖ ಹಾಕಿದ್ರು. ಕಾಕಾಗ ಹುರುಪು ಬಂತು.)

ಗುರುಕಾಕಾ: ಏನೇ ಅನ್ರಿ, ಅದು ಇಂಗ್ಲಿಷರ ಶೋಕಿ. ನಮ್ಮ ರಂಗಗೀತಿಗೂ ಅದಕ್ಕೂ ಏನು ಸಂಬಂಧ? ಕಂದಗಲ್ ಹನುಮಂತರಾಯರು ಬರೆದ ನಾಟಕದಾಗಿನ ಶಕುನಿ ಮಾತು ಇವತ್ತಿಗೂ ಹಳ್ಳ್ಯಾಗ ಬಾಯಿಪಾಠ ಒಪ್ಪಸೋರಿದ್ದಾರ. ಕಂಪನಿ ನಟ ಏಣಗಿ ಬಾಳಪ್ಪ ನೂರು ದಾಟಿದ ಮ್ಯಾಲೂ ರಂಗಗೀತಿ ಬಿಟ್ಟಿರ್ಲಿಲ್ಲ. ಅಂಥಾ ಕಂಪನಿ ಸಾಯ್ಲತ್ತಾವ, ನೀವು ಬಾಲ್ಕನಿ ಎಣಸ್ಲತ್ತೀರಿ.

ಸುನಂದಾ ಅತ್ತಿ: ಗುರು, ನೀ ಹೇಳೋದು ನಾವು ಸಣ್ಣವರಿದ್ದಾಗಿನ ಕಂಪನಿ. ಹೋದ ಸಲ ಜಾತ್ರ್ಯಾಗ ನಾ, ಶೈಲಾ, ಎರಡು ಹುಡುಗ್ಯಾರು ಒಂದು ಕಂಪನಿ ನಾಟಕಕ್ಕ ಹೋಗಿದ್ವಿ. ಹೆಸರು ಬ್ಯಾಡ, ಪಾಪ. ಪಡದಿ ಏರಿ ಹತ್ತು ಮಿನಿಟ್ ಆಗಿಲ್ಲ, ಹಾಸ್ಯದವ ಬಂದ. ಮಾತಿಗೊಮ್ಮೆ ಎರಡರ್ಥ. ಹಿಂದ ಕೂತವರು ತಗಡು ಬಡಿದು ಸೀಟಿ ಹೊಡಿಲತ್ತಾರ. ಸಣ್ಣಾಕಿ ‘ಎಲ್ರೂ ಯಾಕ ನಗ್ಲತ್ತಾರ, ನನಗೂ ಹೇಳು’ ಅಂತ ಸೆರಗು ಜಗ್ಗಿದ್ಳು. ನಾ ಏನು ಹೇಳ್ಲಿ? ಕೈಯಾಗಿನ ಮಿರ್ಚಿ ಭಜಿ ಇನ್ನೂ ಬಿಸಿ ಇತ್ತು, ಎದ್ದು ಬಂದ್ವಿ. ಅಲ್ಲಿತನಕ ಹಾಡು ಎಷ್ಟು? ಎರಡು. ಅವೂ ರೆಕಾರ್ಡಿನವು. ಹಾರ್ಮೋನಿಯಂ ಪೆಟಗಿ ಮಾಸ್ತರ ಪೆಟಗಿ ಮ್ಯಾಲ ಮೊಬೈಲ್ ಇಟ್ಟು ನೋಡ್ಕೋತ ಕೂತಿದ್ದ.

ಶೈಲಾ ಕಾಕಿ: ಅಕ್ಕಾರು ಹೇಳಿದ್ದು ಖರೆ ಅದ.

ಗುರುಕಾಕಾ: ಅವರೇನು ಮಾಡಬೇಕು? ಚಲೋ ನಾಟಕ ಹಾಕಿದ್ರ ಖುರ್ಚಿ ಖಾಲಿ. ಮಂದಿಗಿ ಬೇಕಾದ್ದು ಕೊಡ್ಲತ್ತಾರ.

ಸುನಂದಾ ಅತ್ತಿ: ಮಂದಿ ಅಂದ್ರ ಬರೇ ಗಂಡಸ್ರೇನು?

(ಹನ್ನೊಂದು ಮಿನಿಟ್ ಯಾರೂ ಏನೂ ಹಾಕಲಿಲ್ಲ. ಈ ಗುಂಪಿನಾಗ ಅದು ದಾಖಲೆ. ಆಮ್ಯಾಲ ನಾನೇ ಬಾಯಿ ಹಾಕಿದೆ.)

ನಾನು: ಕಾಕಾ, ಸಂಬಂಧ ಏನಂದ್ರಲ್ಲ? ಆಪೆರಾ ಹೌಸ್‌ದಾಗ ಮರಾಠಿ ರಂಗಗೀತಿ ಹಾಡೋ ದೊಡ್ಡ ನಟರು ಬಾಲಗಂಧರ್ವರು ಹಾಡ್ಯಾರ, ದೀನಾನಾಥ ಮಂಗೇಶಕರ ಹಾಡ್ಯಾರ. ಬಾಲಗಂಧರ್ವರ ಕಂಪನಿಯಾಗ ಅವರ ಜೋಡಿ ಬಣ್ಣ ಹಚ್ಚಿದ ಗೊಹರಬಾಯಿ ನಮ್ಮ ಬೀಳಗಿಯಾಕಿ, ಸಿನಿಮಾ ಹಾಡುಗಾರ್ತಿ ಅಮೀರಬಾಯಿ ಕರ್ನಾಟಕಿ ಒಡಹುಟ್ಟಿದಾಕಿ. ಮರಾಠಿ ಸಂಗೀತ ನಾಟಕಕ್ಕ 1880ರಾಗ ಪುಣೆಯಾಗ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಸೀಮಿ ಗುರ್ಲಹೊಸೂರದಾಗ. ಮರಾಠಿ ಕಂಪನಿಗಳ ಅಬ್ಬರ ನೋಡೇ ಗದಗಿನಾಗ ಶಾಂತಕವಿಗಳು ಕನ್ನಡ ನಾಟಕ ಕಟ್ಟಿದ್ರು. ಇದು ಮೊದಲಿಂದ ಆಕಡಿ ಈಕಡಿ ಓಡಾಡಿದ ಹಾಡು.

ಗುರುಕಾಕಾ: ಗೊಹರಬಾಯಿ ಬೀಳಗಿಯಾಕಿ ಅಂತ ನಂಗೂ ಗೊತ್ತದ.

(ಗೊತ್ತಿರ್ಲಿಲ್ಲ.)

ಗುರುಕಾಕಾ: ಇರ್ಲಿ. ಮಕ್ಕಳಿಗಿ ನಾಟಕ ತೋರಸಬೇಕಂದ್ರ ಇಲ್ಲೇ ಎಸ್.ಎಂ. ಪಂಡಿತ ರಂಗಮಂದಿರ ಅದ. ರಂಗಾಯಣದವರು ಬ್ಯಾಸಿಗ್ಯಾಗ ಚಿಣ್ಣರ ಮೇಳ ಮಾಡ್ತಾರ. ಆಟೋಕ್ಕ ಐವತ್ತು ರೂಪಾಯಿ.

ಸುನಂದಾ ಅತ್ತಿ: ಹೋಗಮು. ನೀ ಆಟೋ ತರಸು. ಹೋದ ಬ್ಯಾಸಿಗ್ಯಾಗ ತಂದ ಪಾಸು ಇನ್ನೂ ನಿನ್ನ ಷರ್ಟಿನ ಕಿಸೆದಾಗೇ ಅವ, ಶೈಲಾ ಒಗಿಯೋ ಮುಂದ ಸಿಕ್ಕಿದ್ವು.

ಪ್ರವೀಣ: ಹುಸೇನಸಾಗರ ಎಕ್ಸ್‌ಪ್ರೆಸ್‌ಗ ಸಂಜಿಗಿ ಕಲಬುರಗಿಯಾಗ ಹತ್ತಿದ್ರ ನಸುಕಿನಾಗ ಇಲ್ಲಿ ಇಳೀತೀರಿ. ನಾಟಕ ಸಂಜಿಗಿ. ಎಷ್ಟು ಮಂದಿ ಹೇಳ್ರಿ, ನಂಗ ನಾಳಿ ಮೀಟಿಂಗ್ ಅದ.

ಆಗ ಆಯಿದು ಧ್ವನಿ ಸಂದೇಶ ಬಂತು. ಎಂಬತ್ತೆರಡರ ಆಯಿಗಿ ಟೈಪ್ ಮಾಡಲಾಕ ಬರಂಗಿಲ್ಲ. ಹಿಂದ ಕುಕ್ಕರ್ ಸೀಟಿ, ಮುಂದ ಆಯಿ: ‘ಪ್ರವೀಣಾ, ನಮ್ಮ ಕಾಲದಾಗ ಹಾಡು ಚಲೋ ಆತು ಅಂದ್ರ ಒನ್ಸ್ ಮೋರ್ ಅಂತಿದ್ವಿ. ಸತ್ತ ರಾಜ ಎದ್ದು ಕೂತು ಹಾಡಿ ಮತ್ತ ಸಾಯ್ತಿದ್ದ. ನಡುವ ಆಟ ನಿಲ್ಲಿಸಿ ಮೈಕಿನಾಗ ಹೆಸರು ಕೂಗಿ ಆಯೇರಿ ಮಾಡ್ತಿದ್ರು. ನಿಮ್ಮಜ್ಜ ಒಬ್ಬಾಕಿಗಿ ಐದು ರೂಪಾಯಿ ಆಯೇರಿ ಮಾಡ್ಯಾನ, ಮರುದಿನ ನಂಗ ತಿಳಿದದ. ಅಲ್ಲಿ ಅದೆಲ್ಲಾ ನಡೀತದೇನು?’

ಪ್ರವೀಣ: ಇಲ್ಲ ಆಯಿ. ಬಾಯಿ ಮುಚ್ಚಿ ಕೂಡಬೇಕು. ಕೊನೀಗಿ ಚಪ್ಪಾಳಿ ಹೊಡೀಬಹುದು.

ಆಯಿ: ‘ಹಂಗಾರ ನಾ ಒಲ್ಲೆ. ನನ್ನ ಸೀಟು ಗುರುಗ ಕೊಡು, ಬಾಯಿ ಮುಚ್ಚಿ ಕೂಡೋದು ಜರಾ ಕಲೀಲಿ.’

ಶೈಲಾ ಕಾಕಿ: ಪ್ರವೀಣಾ, ಅವರದು ಲೋವರ್ ಬರ್ತ್ ಮಾಡು. ಮಣಕಾಲು ನೂಸ್ತಾವ.