ಕೆಲಸ ಕಲಿಯುವಾಗ ನೋಟ್ಸ್ ಹೇಗೆ ಬರೆದುಕೊಳ್ಳುತ್ತೀರಿ?

ಕೇಳಿದವರು, ಬೆಳಗಾವಿ:
ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಯಂತ್ರ) ಮೇಲೆ ಹೊಸದಾಗಿ ಸೇರಿದ್ದೇನೆ. ಸಂಜೆ ಡಿಪ್ಲೊಮಾ ಓದು. ಹಿರಿಯರು ಹೇಳಿದ್ದೆಲ್ಲ ಬರೆದುಕೊಳ್ಳುತ್ತೇನೆ, ಆದರೆ ಬೇಕಾದಾಗ ಯಾವುದೂ ಸಿಗುವುದಿಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ಸೆಟ್ಟರ್, ಉದ್ಯಮಬಾಗ:
ತಮ್ಮಾ, ಜೇಬಿಗೆ ಹಿಡಿಸುವ ಚಿಕ್ಕ ಪುಸ್ತಕ, ಬಾಲ್‌ಪೆನ್ ಸಾಕು. ಜೆಲ್ ಪೆನ್ ಬೇಡ, ಕೂಲೆಂಟ್ (ಕಡೆಯುವಾಗ ತಂಪಿಗೆ ಬಿಡುವ ದ್ರವ) ತಾಗಿದರೆ ಅಳಿಸಿಹೋಗುತ್ತದೆ. ಒಂದು ಜಾಬ್‌ಗೆ ಒಂದು ಪುಟ. ಡ್ರಾಯಿಂಗ್ ನಂಬರ್, ಮಟೀರಿಯಲ್, ಟೂಲ್, ಇನ್ಸರ್ಟ್ (ಟೂಲ್ ತುದಿಯ, ಬದಲಿಸಬಹುದಾದ ಕತ್ತರಿಸುವ ತುಂಡು), ಸ್ಪೀಡು, ಫೀಡು (ಟೂಲ್ ಮುಂದೆ ಸಾಗುವ ವೇಗ). ಇಷ್ಟು ಎಲ್ಲರೂ ಬರೆಯುತ್ತಾರೆ. ಕಾರಣವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆಫ್‌ಸೆಟ್ ಅಂದರೆ ಸೈಜು ಸರಿಮಾಡಲು ಮಷಿನ್‌ಗೆ ಕೊಡುವ ತಿದ್ದುಪಡಿ. 'ಆಫ್‌ಸೆಟ್ 0.03 ಕಡಿಮೆ ಮಾಡಿದೆ' ಎಂದಷ್ಟೇ ಇದ್ದರೆ ಮುಂದಿನ ತಿಂಗಳು ಅದರಿಂದ ಏನು ತಿಳಿಯುತ್ತದೆ? ಇನ್ಸರ್ಟ್ ಸವೆದಿತ್ತಾ? ಇಲ್ಲಾ ಬೆಳಿಗ್ಗೆ ತಣ್ಣಗಿದ್ದ ಮಷಿನ್ ಬಿಸಿಯಾಗಿ ಸೈಜು ಸರಿದಿತ್ತಾ? ಸವೆದಿದ್ದರೆ, ಹೊಸ ಇನ್ಸರ್ಟ್ ಹಾಕಿದಾಗ ಆ 0.03 ವಾಪಸ್ ಕೊಡಬೇಕು. ಇಲ್ಲದಿದ್ದರೆ ಹೊರ ವ್ಯಾಸ ಸಣ್ಣದಾಗಿ ಪೀಸ್ ರಿಜೆಕ್ಟ್. ಕಾರಣ ಬರೆದಿದ್ದರೆ ಇದು ಕೂಡಲೇ ಹೊಳೆಯುತ್ತದೆ.

ದ್ರಾಕ್ಷಿ ಬೆಳೆಗಾರ, ತಿಕೋಟಾ:
ಸೆಟ್ಟರ್ ಅಣ್ಣ ಹೇಳಿದ್ದು ತೋಟಕ್ಕೂ ಸರಿ. ನಾವು ತಾರೀಖಿನ ಜೊತೆ, ಅಕ್ಟೋಬರ್ ಚಾಟ್ನಿ (ಬಳ್ಳಿಯ ಕೊಂಬೆ ಕತ್ತರಿಸುವುದು) ಆಗಿ ಎಷ್ಟನೇ ದಿನ ಎಂದೂ ಬರೆಯುತ್ತೇವೆ. ಚಾಟ್ನಿ ಪ್ರತಿವರ್ಷ ಹಿಂದೆಮುಂದೆ ಆಗುತ್ತದೆ. ಸುಮ್ನೆ ತಾರೀಖು ನೋಡಿದರೆ ಹೋದ ವರ್ಷದ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ. ಡೌನಿ ಎಂಬ ಬೂಜು ರೋಗಕ್ಕೆ ಔಷಧ ಹೊಡೆದದ್ದು ಬರೆದರೆ, ರಾತ್ರಿ ಮಳೆ ಬಂದಿತ್ತಾ, ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ಅದೂ ಇರಬೇಕು. ರೋಗ ಬರುವುದೇ ಆ ಒದ್ದೆಯಿಂದ ಅಲ್ವಾ.

ಉಪನ್ಯಾಸಕಿ, ಬಾಗಲಕೋಟೆ:
ಸಂಜೆಯ ಓದಿಗೆ ಕಾರ್ನೆಲ್ ಪದ್ಧತಿ ನೋಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ್ದು. ಪುಟದ ಎಡಕ್ಕೆ ಸಣ್ಣ ಅಂಕಣ, ಬಲಕ್ಕೆ ದೊಡ್ಡದು. ಪಾಠ ನಡೆಯುವಾಗ ಬಲಕ್ಕೆ ಮಾತ್ರ ಬರೆಯಿರಿ. ಆಮೇಲೆ ಎಡಕ್ಕೆ ಪ್ರಶ್ನೆ ಬರೆದು, ಬಲಭಾಗ ಮುಚ್ಚಿ ಉತ್ತರ ಹೇಳಿಕೊಳ್ಳಿ. ನನ್ನ ವಿದ್ಯಾರ್ಥಿಗಳಿಗೆ ಜಾಸ್ತಿ ಸಹಾಯವಾಗುವುದು ಈ ಮುಚ್ಚಿ ಹೇಳುವ ಭಾಗವೇ. ಲ್ಯಾಪ್‌ಟಾಪ್‌ಗಿಂತ ಕೈಬರಹ ಮೇಲು ಎಂದು 2014ರ ಒಂದು ಅಧ್ಯಯನ ಹೇಳಿತ್ತು. 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಫೋನಿನಲ್ಲಿ ಬರೆದರೂ ನಡೆಯುತ್ತದೆ. ಹೇಳಿದ್ದನ್ನು ಅಕ್ಷರಕ್ಕಕ್ಷರ ಇಳಿಸಬೇಡಿ, ಅಷ್ಟೇ.

ಸೆಟ್ಟರ್, ಉದ್ಯಮಬಾಗ:
ಸಿಗುವುದಿಲ್ಲ ಅಂದಿದ್ದಕ್ಕೆ: ಮೊದಲ ಎರಡು ಪುಟ ಖಾಲಿ ಬಿಡು, ಉಳಿದವಕ್ಕೆ ನಂಬರ್ ಹಾಕು. ಯಾವ ಜಾಬ್ ಯಾವ ಪುಟ ಎಂದು ಅಲ್ಲಿ ಬರೆಯುತ್ತಾ ಹೋಗು. ಫೋನಿನಲ್ಲಿ ಡ್ರಾಯಿಂಗ್ ಫೋಟೋ ತೆಗೆಯುವ ಮುಂಚೆ ಮಾತ್ರ ಮಾಲೀಕರನ್ನು ಕೇಳು. ಎಷ್ಟೋ ಗಿರಾಕಿಗಳು ಅದು ಹೊರಗೆ ಹೋಗಬಾರದು ಎಂದು ಮೊದಲೇ ಬರೆಸಿಕೊಂಡಿರುತ್ತಾರೆ.